ಮಗು ಮಲಗಿತು ಎಂದರೆ ಗುಣವಾಯಿತು ಎಂದಲ್ಲ

ಕಳೆದ ಚಳಿಗಾಲದ ಒಂದು ಬೆಳಿಗ್ಗೆ. ನಾನು ಕ್ಲಿನಿಕ್‌ನ ಬೀಗ ತೆಗೆಯುವ ಮೊದಲೇ ಒಬ್ಬ ತಾಯಿ ಎರಡೂವರೆ ವರ್ಷದ ಮಗನನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲ ಬಳಿ ನಿಂತಿದ್ದರು. ಜೊತೆಯಲ್ಲಿ ಮಗುವಿನ ದಾದಿ.

"ಡಾಕ್ಟರ್ ಸಾಬ್, ಮೂರು ದಿನದಿಂದ ಕೆಮ್ಮು. ರಾತ್ರಿ ನಮಗ್ಯಾರಿಗೂ ನಿದ್ದೆ ಇಲ್ಲ. ಇವನ ಅಬ್ಬಾಗೆ ಕೊಟ್ಟಿದ್ದ ಸಿರಪ್ ಮನೆಯಲ್ಲಿತ್ತು. ಮಲಗೋವಾಗ ಒಂದು ಚಮಚ ಹಾಕಿದೆ. ನಿಲ್ಲಲಿಲ್ಲ. ನಡುರಾತ್ರಿ ಇನ್ನೊಂದು ಹಾಕಿದೆ. ಅಲ್‌ಹಮ್ದುಲಿಲ್ಲಾಹ್, ಆಮೇಲೆ ಒಂದು ಸಲವೂ ಕೆಮ್ಮಲಿಲ್ಲ" ಎಂದರು ದಾದಿ.

ತಾಯಿಯ ಮುಖದಲ್ಲಿ ಆ ಸಮಾಧಾನ ಇರಲಿಲ್ಲ. "ಫಜ್ರ್‌ಗೆ ಎದ್ದಾಗ ನೋಡಿದೆ ಡಾಕ್ಟರ್. ಎಷ್ಟು ಅಲುಗಾಡಿಸಿದರೂ ಸರಿಯಾಗಿ ಕಣ್ಣು ಬಿಡ್ತಾ ಇಲ್ಲ" ಎಂದರು.

ಮಗುವನ್ನು ಮಲಗಿಸಿ, ಅಂಗಿ ಮೇಲೆತ್ತಿ, ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿದೆ. ಒಂಬತ್ತು ಉಸಿರು. ಆ ವಯಸ್ಸಿನ ಮಗು ಗಾಢ ನಿದ್ದೆಯಲ್ಲೂ ನಿಮಿಷಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಸಲ ಉಸಿರಾಡಬೇಕು. ತುಟಿಯ ಬಣ್ಣ ಮಂಕಾಗಿತ್ತು. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು. ಬಾಟಲಿ ತರಿಸಿ ಓದಿದೆ. ಅದರಲ್ಲಿ ಕೊಡೀನ್ ಇತ್ತು.

ನನ್ನ ಕಪಾಟಿನಲ್ಲಿದ್ದ ಯಾವ ಮಾಜೂನ್, ಯಾವ ಅರ್ಕ್ ಕೂಡ ಆ ಹೊತ್ತಿಗೆ ಕೆಲಸಕ್ಕೆ ಬರುವಂತಿರಲಿಲ್ಲ. ನಾನೂ ಅವರ ಜೊತೆ ಆಸ್ಪತ್ರೆಗೆ ಹೊರಟೆ. ದಾರಿಯುದ್ದಕ್ಕೂ ಮಗುವಿನ ಹೆಸರು ಕೂಗುತ್ತಾ, ಅಂಗಾಲು ತಟ್ಟುತ್ತಾ, ಪ್ರತಿ ಉಸಿರಿಗೂ ಕಾಯುತ್ತಾ ಕುಳಿತಿದ್ದೆ. ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟರು, ನಲೋಕ್ಸೋನ್ ಎಂಬ ಇಂಜೆಕ್ಷನ್ ಕೊಟ್ಟರು. ಕೆಲವೇ ನಿಮಿಷದಲ್ಲಿ ಮಗು ಅಳತೊಡಗಿತು. ಆ ಅಳು ಕೇಳಿ ದಾದಿಯೂ ಅತ್ತರು. ಮೂರನೇ ದಿನ ಮಗು ಮನೆಗೆ ಮರಳಿತು.

ಈ ಘಟನೆಯನ್ನು ಯಾರನ್ನೂ ದೂರಲು ಬರೆಯುತ್ತಿಲ್ಲ. ಆ ದಾದಿ ಮೊಮ್ಮಗನಿಗೆ ಕೆಟ್ಟದ್ದು ಬಯಸಿದವರಲ್ಲ. ನಮ್ಮಲ್ಲಿ ಹೆಚ್ಚಿನವರು ಮಾಡುವುದನ್ನೇ ಅವರೂ ಮಾಡಿದರು. ಕೆಮ್ಮು ನಿಂತಿತು, ಮಗು ಮಲಗಿತು, ಹಾಗಾದರೆ ಔಷಧಿ ನಾಟಿತು ಎಂದುಕೊಂಡರು. ನಿಜ ಹೇಳಬೇಕೆಂದರೆ, ವೃತ್ತಿ ಆರಂಭಿಸಿದ ವರ್ಷಗಳಲ್ಲಿ ನಾನೂ ಮಾರನೇ ದಿನ ಬಂದ ತಾಯಂದಿರನ್ನು ಮೊದಲು ಕೇಳುತ್ತಿದ್ದುದು "ರಾತ್ರಿ ಮಗು ಮಲಗಿತಾ?" ಎಂದೇ. ಆ ಪ್ರಶ್ನೆಯೇ ತಪ್ಪು ಎಂಬುದು ಈಗ ನನ್ನ ಅಭಿಪ್ರಾಯ. ಕೇಳಬೇಕಾದದ್ದು "ಮಲಗಿದಾಗ ಉಸಿರು ಹೇಗಿತ್ತು?" ಎಂದು. ಏಕೆ ಎಂಬುದು ಅರ್ಥವಾಗಬೇಕಾದರೆ ಉಸಿರಿನ ತಾಳ ಎಲ್ಲಿ ಹುಟ್ಟುತ್ತದೆ ಎಂದು ತಿಳಿಯಬೇಕು.

ತಾಳ ಹಾಕುವ ಜಾಗ

ಹೃದಯಕ್ಕೆ ತನ್ನದೇ ಬಡಿತವಿದೆ. ನರಗಳ ಸಂಪರ್ಕ ಕಡಿದರೂ ಅದು ತಾನಾಗಿ ಬಡಿಯಬಲ್ಲದು. ಶ್ವಾಸಕೋಶಕ್ಕೆ ಆ ಶಕ್ತಿ ಇಲ್ಲ. ಅದು ಗಾಳಿ ತುಂಬುವ ಚೀಲವಿದ್ದಂತೆ. ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಎಂಬ ಸ್ನಾಯು ಹಾಗೂ ಪಕ್ಕೆಲುಬಿನ ಸ್ನಾಯುಗಳು ಎಳೆದಾಗ ಮಾತ್ರ ಅದು ಹಿಗ್ಗುತ್ತದೆ. ಆ ಸ್ನಾಯುಗಳಿಗೆ ಪ್ರತಿ ಸಲವೂ ಮೇಲಿನಿಂದ ಆಜ್ಞೆ ಬರಬೇಕು. ದೊಡ್ಡವರಲ್ಲಿ ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಸಲ, ದಿನಕ್ಕೆ ಸುಮಾರು 20,000 ಸಲ. ನಾವು ಮಲಗಿದ್ದಾಗಲೂ ಆ ಆಜ್ಞೆ ತಪ್ಪುವಂತಿಲ್ಲ.

ಆಜ್ಞೆ ಬರುವುದು ಮೆದುಳಿನ ಬುಡದಿಂದ, ಅಂದರೆ ಮೆದುಳು ಬೆನ್ನುಹುರಿಯನ್ನು ಸೇರುವ ಕಾಂಡದ ಭಾಗದಿಂದ. ಕತ್ತಿನ ಮೇಲ್ಭಾಗಕ್ಕೆ ಪೆಟ್ಟಾದರೆ ಉಸಿರು ನಿಲ್ಲುತ್ತದೆ, ಕೆಳಭಾಗಕ್ಕಾದರೆ ವಪೆ ಕೆಲಸ ಮಾಡುತ್ತಲೇ ಇರುತ್ತದೆ ಎಂಬುದನ್ನು ನಮ್ಮ ಯುನಾನಿ ಗ್ರಂಥಗಳು ಜಾಲಿನೂಸ್ ಎಂದು ಕರೆಯುವ ಗ್ಯಾಲೆನ್ ಸಾವಿರದ ಎಂಟುನೂರು ವರ್ಷಗಳ ಹಿಂದೆಯೇ ಗಮನಿಸಿದ್ದ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಲೆಗಾಲ್ವಾ ಮೊಲಗಳ ಮೇಲೆ ಪ್ರಯೋಗ ಮಾಡಿ, ಮೆದುಳು ಕಾಂಡದ ಕೆಳಭಾಗವಾದ ಮೆಡುಲ್ಲಾದಲ್ಲಿ ಒಂದು ಸಣ್ಣ ಜಾಗಕ್ಕೆ ಹಾನಿಯಾದರೆ ಉಸಿರಾಟವೇ ನಿಲ್ಲುತ್ತದೆ ಎಂದು ತೋರಿಸಿದ. ಆ ಜಾಗವನ್ನು ಇನ್ನಷ್ಟು ಕರಾರುವಾಕ್ಕಾಗಿ ಗುರುತಿಸಿದ್ದು 1991ರಲ್ಲಿ. ಜೆಫ್ರಿ ಸ್ಮಿತ್, ಜ್ಯಾಕ್ ಫೆಲ್ಡ್‌ಮನ್ ಮತ್ತು ಸಂಗಡಿಗರು ಆಗತಾನೆ ಹುಟ್ಟಿದ ಇಲಿಯ ಮೆದುಳು ಕಾಂಡದಿಂದ ತೆಳುವಾದ ಹೋಳು ಕತ್ತರಿಸಿ ದ್ರವದಲ್ಲಿ ಇಟ್ಟರು. ದೇಹವಿಲ್ಲ, ಶ್ವಾಸಕೋಶವಿಲ್ಲ, ಆದರೂ ಆ ಹೋಳು ಉಸಿರಿನ ತಾಳವನ್ನು ಹಾಕುತ್ತಲೇ ಇತ್ತು. ಆ ಜೀವಕೋಶಗಳ ಗುಂಪಿಗೆ ಪ್ರಿ-ಬೋಟ್ಸಿಂಗರ್ ಎಂಬ ಹೆಸರಿದೆ. ಇಲಿಯಿಂದ ಮನುಷ್ಯನವರೆಗೆ ಸಸ್ತನಿಗಳ ಉಸಿರಾಟದ ವ್ಯವಸ್ಥೆ ಮೂಲದಲ್ಲಿ ಒಂದೇ ಬಗೆಯದು.

ಬಾಗಿಲುಗಳು ಮತ್ತು ಬೀಗದ ಕೈಗಳು

ಈ ಜೀವಕೋಶಗಳು ಒಂದರೊಡನೊಂದು ಮಾತಾಡುವುದು ರಾಸಾಯನಿಕಗಳ ಮೂಲಕ. ಪ್ರತಿ ಜೀವಕೋಶದ ಗೋಡೆಯಲ್ಲೂ ಸಣ್ಣ ಬಾಗಿಲುಗಳಿವೆ. ವೈದ್ಯರು ಅವನ್ನು ರಿಸೆಪ್ಟರ್ ಎನ್ನುತ್ತಾರೆ. ಒಂದೊಂದು ಬಾಗಿಲಿಗೂ ತನ್ನದೇ ಬೀಗದ ಕೈ. ಗ್ಲುಟಮೇಟ್ ಎಂಬ ರಾಸಾಯನಿಕ ತನ್ನ ಬಾಗಿಲಿಗೆ ಬಂದರೆ ಜೀವಕೋಶ ಎಚ್ಚರಗೊಳ್ಳುತ್ತದೆ, ಉಸಿರಿನ ಆಜ್ಞೆ ಹೊರಡುತ್ತದೆ. ಗಾಬಾ ಮತ್ತು ಗ್ಲೈಸೀನ್ ಬಂದರೆ ಜೀವಕೋಶ ತಣ್ಣಗಾಗುತ್ತದೆ. ಸಬ್‌ಸ್ಟೆನ್ಸ್ ಪಿ ಎಂಬುದು ತಾಳವನ್ನು ಚುರುಕುಗೊಳಿಸುತ್ತದೆ. ಓಡಿದಾಗ ಉಸಿರು ವೇಗವಾಗುವುದು, ಮಲಗಿದಾಗ ನಿಧಾನವಾಗುವುದು, ಅಳುವಾಗ ಬಿಕ್ಕುವುದು, ಇದೆಲ್ಲದರ ಹಿಂದೆಯೂ ಈ ಪ್ರಚೋದನೆ ಮತ್ತು ತಡೆಗಳ ಹೊಂದಾಣಿಕೆ ಇದೆ.

ಅದೇ ಗೋಡೆಯಲ್ಲಿ ಇನ್ನೊಂದು ಬಾಗಿಲಿದೆ. ಅದರ ಹೆಸರು ಮ್ಯೂ ಓಪಿಯಾಯ್ಡ್ ರಿಸೆಪ್ಟರ್. ನೋವು ತಗ್ಗಿಸಲು ದೇಹವೇ ತಯಾರಿಸುವ ಎಂಡಾರ್ಫಿನ್‌ನಂಥ ವಸ್ತುಗಳಿಗೆಂದು ಇರುವ ಬಾಗಿಲು ಅದು. ಆದರೆ ಅಫೀಮಿನಿಂದ ಬರುವ ಮಾರ್ಫೀನ್ ಕೂಡ ಆ ಬೀಗಕ್ಕೆ ಸರಿಯಾಗಿ ಕೂರುತ್ತದೆ. ಕೂತ ಮೇಲೆ ಜೀವಕೋಶ ಸುಲಭವಾಗಿ ಎಚ್ಚರಗೊಳ್ಳುವುದಿಲ್ಲ. ತಾಳ ನಿಧಾನವಾಗುತ್ತದೆ, ನಡುನಡುವೆ ತಪ್ಪುತ್ತದೆ, ಪ್ರಮಾಣ ಹೆಚ್ಚಾದರೆ ನಿಲ್ಲುತ್ತದೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿಜ್ಞಾನಿಗಳು ಇಲಿಗಳ ಮೆದುಳು ಕಾಂಡದ ಎರಡು ಸಣ್ಣ ಜಾಗಗಳಿಂದ ಈ ಬಾಗಿಲನ್ನು ತೆಗೆದುಹಾಕಿದರು. ಆ ಎರಡರಲ್ಲಿ ಪ್ರಿ-ಬೋಟ್ಸಿಂಗರ್ ಒಂದು. ಅಂಥ ಇಲಿಗಳಿಗೆ ಮಾರ್ಫೀನ್ ಕೊಟ್ಟಾಗ ಉಸಿರು ಮೊದಲಿನಷ್ಟು ಕುಗ್ಗಲಿಲ್ಲ. ಇಡೀ ಮೆದುಳಿಗೆ ಹೋಲಿಸಿದರೆ ಸಾಸಿವೆಯಷ್ಟು ಜಾಗ. ಆದರೆ ಜೀವ ಉಳಿಯುವುದೂ ಹೋಗುವುದೂ ಅಲ್ಲಿಯೇ.

ಇನ್ನೂ ಒಂದು ಸಂಗತಿ ಇದೆ. ಸಾಮಾನ್ಯವಾಗಿ ಉಸಿರು ಕಟ್ಟಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ, ಮೆದುಳು ಅದನ್ನು ಗುರುತಿಸಿ ನಮ್ಮನ್ನು ಎಬ್ಬಿಸುತ್ತದೆ. ದಿಂಬು ಮುಖಕ್ಕೆ ಬಂದರೆ ಮಗು ಒದ್ದಾಡುವುದು ಇದರಿಂದಲೇ. ಓಪಿಯಾಯ್ಡ್ ಔಷಧಿಗಳು ಈ ಎಚ್ಚರಿಕೆಯ ಗಂಟೆಯನ್ನೂ ಮಂಕು ಮಾಡುತ್ತವೆ. ಹಾಗಾಗಿ ಒದ್ದಾಟವಿಲ್ಲ, ಕೂಗಿಲ್ಲ, ಮುಖದಲ್ಲಿ ಸಂಕಟವಿಲ್ಲ. ನೋಡುವವರಿಗೆ ಅದು ಒಳ್ಳೆಯ ನಿದ್ದೆಯಂತೆಯೇ ಕಾಣುತ್ತದೆ. ಪ್ರಿ-ಬೋಟ್ಸಿಂಗರ್‌ನ ಜೀವಕೋಶಗಳನ್ನು ನಾಶಪಡಿಸಿ ನೋಡಿದ 2005ರ ಇಲಿಗಳ ಪ್ರಯೋಗದಲ್ಲೂ ಉಸಿರಾಟ ಮೊದಲು ತಪ್ಪಿದ್ದು ನಿದ್ದೆಯಲ್ಲಿ. ಎಚ್ಚರವಿದ್ದಾಗ ಮೆದುಳಿನ ಬೇರೆ ಭಾಗಗಳ ಆಸರೆ ಇರುತ್ತದೆ. ನಿದ್ದೆಯಲ್ಲಿ ಆ ಆಸರೆ ಕಡಿಮೆ.

ಕೊಡೀನ್ ಏಕೆ ನಂಬಿಕೆಗೆ ಅರ್ಹವಲ್ಲ

ಕೊಡೀನ್ ಅಫೀಮಿನ ಕುಟುಂಬದ್ದೇ. ಯಕೃತ್ತು ಅದರ ಒಂದು ಭಾಗವನ್ನು ಮಾರ್ಫೀನ್ ಆಗಿ ಬದಲಾಯಿಸುತ್ತದೆ. ಈ ಬದಲಾವಣೆ ಎಲ್ಲರಲ್ಲಿ ಒಂದೇ ವೇಗದಲ್ಲಿ ಆಗುವುದಿಲ್ಲ. ಕೆಲವರ ಯಕೃತ್ತು ಹುಟ್ಟಿನಿಂದಲೇ ಬಹಳ ಚುರುಕು. ಉತ್ತರ ಆಫ್ರಿಕಾ, ಇಥಿಯೋಪಿಯ ಮತ್ತು ಅರಬ್ ಮೂಲದವರಲ್ಲಿ ಅಂಥವರ ಪ್ರಮಾಣ ಹೆಚ್ಚು. ಅವರ ದೇಹದಲ್ಲಿ ಸರಿಯಾದ ಅಳತೆಯ ಕೊಡೀನ್ ಕೂಡ ಅಪಾಯದ ಮಟ್ಟದ ಮಾರ್ಫೀನ್ ಆಗಬಹುದು. ಯಾವ ಮಗು ಆ ಗುಂಪಿನದು ಎಂಬುದು ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2017ರಲ್ಲಿ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ನೋವಿಗಾಗಲಿ ಕೆಮ್ಮಿಗಾಗಲಿ ಕೊಡೀನ್ ಕೊಡಲೇಬಾರದು ಎಂದಿತು. ಹಾಲೂಡಿಸುವ ತಾಯಂದಿರೂ ತೆಗೆದುಕೊಳ್ಳಬಾರದು ಎಂದಿತು, ಏಕೆಂದರೆ ಅದು ಹಾಲಿನ ಮೂಲಕ ಮಗುವಿಗೆ ಹೋಗುತ್ತದೆ. ನೋವಿನ ಮಾತ್ರೆ ಟ್ರಾಮಡಾಲ್ ಬಗ್ಗೆಯೂ ಅಂಥದೇ ಎಚ್ಚರಿಕೆ ಬಂತು. ನಮ್ಮ ದೇಶದಲ್ಲಿ ಕೊಡೀನ್ ಶೆಡ್ಯೂಲ್ ಎಚ್1ರಲ್ಲಿದೆ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಅಂಗಡಿಯವರು ಪುಸ್ತಕದಲ್ಲಿ ಬರೆದಿಡಬೇಕು. 2018ರಲ್ಲಿ ಟ್ರಾಮಡಾಲ್ ಮಾದಕ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬಂತು.

2022ರಲ್ಲಿ ಗ್ಯಾಂಬಿಯಾದಲ್ಲಿ ಸಿರಪ್ ಕುಡಿದು ಮಕ್ಕಳು ಸತ್ತ ಸುದ್ದಿ ಓದಿ ಹಲವರು ಗಾಬರಿಯಾಗಿದ್ದಾರೆ. ಅದು ಕಲಬೆರಕೆಯ ವಿಷಯ, ಅಲ್ಲಿ ಕೆಟ್ಟದ್ದು ಮಕ್ಕಳ ಮೂತ್ರಪಿಂಡ. ನಾನು ಹೇಳುತ್ತಿರುವುದು ಬೇರೆ. ಕಲಬೆರಕೆಯೇ ಇಲ್ಲದ, ಒಳ್ಳೆಯ ಕಂಪನಿಯ ಶುದ್ಧ ಔಷಧಿ ಕೂಡ ತಪ್ಪು ಕೈಯಲ್ಲಿ, ತಪ್ಪು ವಯಸ್ಸಿಗೆ, ಅಡುಗೆಮನೆಯ ಚಮಚದಲ್ಲಿ ಹೋದರೆ ಉಸಿರನ್ನು ಕಸಿಯುತ್ತದೆ.

ನಮ್ಮ ಹಕೀಮರ ಪಾಲು

ಇಷ್ಟು ಓದಿ ಯುನಾನಿಯನ್ನು ನೆಚ್ಚುವ ಕೆಲವರು, "ಅದಕ್ಕೇ ಹೇಳುವುದು, ಇಂಗ್ಲಿಷ್ ಔಷಧಿ ಬೇಡ, ದೇಸಿ ಔಷಧಿಗೆ ಸೈಡ್ ಎಫೆಕ್ಟ್ ಇಲ್ಲ" ಎನ್ನಬಹುದು. ಈ ಮಾತನ್ನು ನಾನು ಒಪ್ಪುವುದಿಲ್ಲ. ಅಫೀಮು ನಮ್ಮ ಪದ್ಧತಿಯ ಔಷಧಿಯೂ ಹೌದು. ಬರ್ಶಾಶಾ ಎಂಬ ಪ್ರಸಿದ್ಧ ಮಾಜೂನ್‌ನಲ್ಲಿ ಅಫೀಮು ಇದೆ, ಜೊತೆಗೆ ಖುರಾಸಾನಿ ಅಜವಾನ ಇದೆ. ಎರಡೂ ಮಂಪರು ತರುವಂಥವು.

ನಮ್ಮ ಹಿರಿಯರಿಗೆ ಇದರ ಅಪಾಯ ಗೊತ್ತಿತ್ತು. ಯುನಾನಿಯಲ್ಲಿ ಪ್ರತಿ ದ್ರವ್ಯದ ಗುಣವನ್ನು ನಾಲ್ಕು ದರ್ಜೆಯಲ್ಲಿ ಅಳೆಯುತ್ತೇವೆ. ನಾಲ್ಕನೆಯದು ಜೀವಕ್ಕೆ ಕುತ್ತು ತರಬಲ್ಲ ದರ್ಜೆ. ಅಫೀಮನ್ನು ಅವರು ಇಟ್ಟದ್ದು ಶೀತ ಮತ್ತು ಶುಷ್ಕದ ನಾಲ್ಕನೇ ದರ್ಜೆಯಲ್ಲಿ. ರಿಸೆಪ್ಟರ್ ಎಂಬ ಪದ ಅವರಿಗೆ ತಿಳಿದಿರಲಿಲ್ಲ. ಆದರೆ ಈ ವಸ್ತು ದೇಹವನ್ನು ತಣ್ಣಗಾಗಿಸುತ್ತಾ ಕೊನೆಗೆ ಜೀವವನ್ನೇ ತಣ್ಣಗಾಗಿಸುತ್ತದೆ ಎಂಬುದನ್ನು ರೋಗಿಯ ಹಾಸಿಗೆಯ ಪಕ್ಕದಲ್ಲಿ ಕೂತು ಕಂಡಿದ್ದರು. 1037ರಲ್ಲಿ ತೀರಿಕೊಂಡ ಇಬ್ನ್ ಸೀನಾ ಅವರ ಕೊನೆಯ ದಿನಗಳ ಬಗ್ಗೆ ಶಿಷ್ಯ ಜೂಜಾನಿ ಬರೆದಿರುವ ವೃತ್ತಾಂತದಲ್ಲಿ, ಸೇವಕನೊಬ್ಬ ಗುರುವಿನ ಔಷಧಿಗೆ ವಿಪರೀತ ಅಫೀಮು ಬೆರೆಸಿದ ಪ್ರಸಂಗ ಬರುತ್ತದೆ. ವೈದ್ಯರ ವೈದ್ಯನೆನಿಸಿದವರ ಮನೆಯಲ್ಲೇ ಅಳತೆ ಕೈತಪ್ಪಿತು ಎಂದ ಮೇಲೆ ನಮ್ಮ ನಿಮ್ಮ ಅಡುಗೆಮನೆಯ ಮಾತೇನು?

ಇಂದಿನ ಕಾನೂನೂ ಅಫೀಮು ಸೇರಿದ ಯುನಾನಿ, ಆಯುರ್ವೇದ ಔಷಧಿಗಳನ್ನು ಶೆಡ್ಯೂಲ್ ಇ(1)ರ ವಿಷದ್ರವ್ಯಗಳ ಸಾಲಿಗೆ ಸೇರಿಸಿದೆ. ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕೆಂಬ ಎಚ್ಚರಿಕೆ ಲೇಬಲ್ ಮೇಲೆ ಇರಬೇಕು. ಆದ್ದರಿಂದ ನನ್ನ ವೃತ್ತಿಬಾಂಧವರಲ್ಲಿ ಒಂದು ಮಾತು: ಹೆಸರಿಲ್ಲದ ಪುಡಿ, ಲೇಬಲ್ ಇಲ್ಲದ ಬಾಟಲಿ ಕೊಡುವ ರೂಢಿ ನಿಲ್ಲಲಿ. ಏನು ಕೊಟ್ಟಿದ್ದೇವೆ ಎಂಬುದನ್ನು ಚೀಟಿಯಲ್ಲಿ ಬರೆಯೋಣ. ನಾಳೆ ಆ ರೋಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋದರೆ ಅಲ್ಲಿನ ವೈದ್ಯರಿಗೆ ಆ ಚೀಟಿಯೇ ದಾರಿ. ಹಿಂದಿನ ಕಾಲದಲ್ಲಿ ಕೂಲಿಗೆ ಹೋಗುವ ತಾಯಂದಿರು ಕೂಸು ಅಳದಿರಲೆಂದು ಅಫೀಮಿನ ಸಣ್ಣ ಗುಳಿಗೆ ಕೊಡುತ್ತಿದ್ದುದು ದೇಶದ ಹಲವು ಕಡೆ ದಾಖಲಾಗಿದೆ. ಗುಳಿಗೆ ಹೋಗಿ ಸಿರಪ್ ಬಂದಿದೆ, ಅಷ್ಟೇ ವ್ಯತ್ಯಾಸ ಆಗಬಾರದು.

ಗಸಗಸೆ ಪಾಯಸದ ಬಗ್ಗೆ ಕೇಳುವವರಿಗೆ ಒಂದು ಮಾತು. ಅಫೀಮು ಬರುವುದು ಆ ಗಿಡದ ಹಸಿ ಕಾಯಿಯ ಹಾಲಿನಿಂದ. ಬೀಜದಲ್ಲಿ ಅದರ ಅಂಶ ಅತ್ಯಲ್ಪ. ಅಡುಗೆಯ ಗಸಗಸೆಗೆ ಹೆದರಬೇಕಿಲ್ಲ.

ಹಿರಿಯರ ಮಾತ್ರೆ ಡಬ್ಬಿ

ಅಪಾಯ ಮಕ್ಕಳಿಗೆ ಮಾತ್ರವಲ್ಲ. ನಿದ್ದೆಗೆಂದು, ಆತಂಕಕ್ಕೆಂದು ಕೊಡುವ ಆಲ್ಪ್ರಜೋಲಾಮ್, ಡಯಾಜೆಪಾಮ್‌ನಂಥ ಮಾತ್ರೆಗಳು ಗಾಬಾದ ಬಾಗಿಲಲ್ಲಿ ಕೆಲಸ ಮಾಡುತ್ತವೆ. ತಡೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತವೆ. ಒಂದೇ ಮಾತ್ರೆ ಸರಿಯಾದ ಪ್ರಮಾಣದಲ್ಲಿ ಹೆಚ್ಚಿನವರಿಗೆ ತೊಂದರೆ ಕೊಡದಿರಬಹುದು. ಆದರೆ ಇದರ ಜೊತೆಗೆ ಬೆನ್ನುನೋವಿಗೆ ಟ್ರಾಮಡಾಲ್, ಕೆಮ್ಮಿಗೆ ಕೊಡೀನ್ ಸೇರಿದರೆ ಎರಡು ಬೇರೆ ಬೇರೆ ಬಾಗಿಲಿನಿಂದ ಒಂದೇ ತಾಳದ ಮೇಲೆ ಭಾರ ಬೀಳುತ್ತದೆ. ಶುಗರ್ ಇರುವವರ ಕಾಲುರಿಗೆ ಕೊಡುವ ಪ್ರಿಗಬಾಲಿನ್, ಗಬಾಪೆಂಟಿನ್ ಕೂಡ ವಯಸ್ಸಾದವರಲ್ಲಿ, ಶ್ವಾಸಕೋಶದ ಕಾಯಿಲೆ ಇರುವವರಲ್ಲಿ ಉಸಿರನ್ನು ಕುಗ್ಗಿಸಬಹುದು ಎಂಬ ಎಚ್ಚರಿಕೆ 2019ರಲ್ಲಿ ಬಂದಿದೆ. ನಮ್ಮ ಮನೆಗಳಲ್ಲಿ ನಾನಾಗೆ ಒಬ್ಬ ವೈದ್ಯರು ಮೊಣಕಾಲಿಗೆ, ಇನ್ನೊಬ್ಬರು ನಿದ್ದೆಗೆ, ಮತ್ತೊಬ್ಬರು ಶುಗರ್‌ಗೆ ಮಾತ್ರೆ ಬರೆದಿರುತ್ತಾರೆ. ಮೂರು ಚೀಟಿಯನ್ನೂ ಒಟ್ಟಿಗೆ ನೋಡಿದವರು ಯಾರೂ ಇರುವುದಿಲ್ಲ. ವೈದ್ಯರ ಬಳಿ ಹೋಗುವಾಗ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಹಕೀಮರ ಔಷಧಿಯನ್ನೂ ಸೇರಿಸಿ.

ಹಾಗೆಂದು ಈ ಔಷಧಿಗಳೇ ಶತ್ರುಗಳಲ್ಲ. ಕ್ಯಾನ್ಸರ್ ನೋವಿನಲ್ಲಿ ನರಳುವವರಿಗೆ ವೈದ್ಯರು ಅಳೆದು, ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿ ಕೊಡುವ ಮಾರ್ಫೀನ್ ದೊಡ್ಡ ಉಪಕಾರ. ಅದನ್ನು ರೋಗಿಗಳಿಗೆ ಸುಲಭವಾಗಿ ಸಿಗುವಂತೆ ಮಾಡಲೆಂದೇ 2014ರಲ್ಲಿ ನಮ್ಮ ಮಾದಕ ವಸ್ತು ಕಾಯ್ದೆಗೆ ತಿದ್ದುಪಡಿ ತರಲಾಯಿತು. ಈ ಲೇಖನ ಓದಿ ಯಾರೂ ಅಂಥ ರೋಗಿಯ ಔಷಧಿ ನಿಲ್ಲಿಸಬಾರದು. ರಿಸೆಪ್ಟರ್‌ನ ಜ್ಞಾನ ಜೀವ ಉಳಿಸುವುದಕ್ಕೂ ಬರುತ್ತದೆ. ದಿನ ತುಂಬದೆ ಹುಟ್ಟಿದ ಕೂಸುಗಳು ಉಸಿರಾಡುವುದನ್ನೇ ಮರೆತಂತೆ ಸುಮ್ಮನಾಗುವುದುಂಟು, ಏಕೆಂದರೆ ಅವುಗಳ ಮೆದುಳು ಕಾಂಡ ಇನ್ನೂ ಬಲಿತಿರುವುದಿಲ್ಲ. ಆಸ್ಪತ್ರೆಯಲ್ಲಿ ಅವಕ್ಕೆ ಕೊಡುವುದು ಕೆಫೀನ್, ನಮ್ಮ ಚಹಾ ಕಾಫಿಯಲ್ಲಿರುವ ಅದೇ ವಸ್ತು. ಅದು ಅಡಿನೋಸಿನ್ ಎಂಬ ತಡೆಯ ಬಾಗಿಲನ್ನು ಮುಚ್ಚಿ ಉಸಿರಿನ ತಾಳವನ್ನು ಎಬ್ಬಿಸುತ್ತದೆ. ಆದರೆ ಅದೂ ಹನಿ ಹನಿ ಲೆಕ್ಕದ ಔಷಧಿ. ಮನೆಯಲ್ಲಿ ಕೂಸಿಗೆ ಚಹಾ ಕುಡಿಸಲು ಇದನ್ನು ನೆಪ ಮಾಡಿಕೊಳ್ಳಬೇಡಿ.

ಮನೆಯಲ್ಲಿ ಏನು ಮಾಡಬೇಕು

ಕೆಮ್ಮು ಶತ್ರುವಲ್ಲ. ಕಫವನ್ನು ಹೊರಹಾಕಲು ದೇಹ ಮಾಡುವ ಕೆಲಸ ಅದು. ನೆಗಡಿಯ ಜೊತೆ ಬರುವ ಕೆಮ್ಮು ಹೆಚ್ಚಿನ ಮಕ್ಕಳಲ್ಲಿ ತಾನಾಗಿ ಇಳಿಯುತ್ತದೆ. ಬೆಚ್ಚಗಿನ ನೀರು, ಎದೆಹಾಲು, ಹೊಗೆಯಿಲ್ಲದ ಕೋಣೆ ಸಾಕು. ಒಂದು ವರ್ಷ ದಾಟಿದ ಮಗುವಿಗೆ ಮಲಗುವ ಮುನ್ನ ಸ್ವಲ್ಪ ಜೇನು ಕೊಡಬಹುದು. ಒಂದು ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸಬೇಡಿ, ಅದರಿಂದ ಬಾಟುಲಿಸಂ ಎಂಬ ಕಾಯಿಲೆ ಬರುವ ಅಪಾಯವಿದೆ.

ಉಸಿರು ಎಣಿಸುವುದನ್ನು ಕಲಿಯಿರಿ. ಮಗು ಶಾಂತವಾಗಿದ್ದಾಗ ಹೊಟ್ಟೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ನೋಡಿ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಒಂದು ವರ್ಷದವರೆಗೆ 50 ಅಥವಾ ಹೆಚ್ಚು, ಐದು ವರ್ಷದವರೆಗೆ 40 ಅಥವಾ ಹೆಚ್ಚು ಆದರೆ, ಇಲ್ಲವೇ ಎದೆಯ ಕೆಳಭಾಗ ಒಳಗೆ ಎಳೆದರೆ ನ್ಯುಮೋನಿಯಾ ಇರಬಹುದು. ಆಗ ಸಿರಪ್ ಹುಡುಕಬೇಡಿ, ಆಸ್ಪತ್ರೆಗೆ ಹೋಗಿ. ಔಷಧಿ ಕೊಟ್ಟ ಮೇಲೆ ಉಸಿರು ನಿಧಾನವಾದರೆ, ನಡುವೆ ನಿಂತು ನಿಂತು ಬಂದರೆ, ಗೊರಕೆ ವಿಚಿತ್ರವಾಗಿದ್ದರೆ, ತುಟಿ ನೀಲಿಯಾದರೆ, ಪಾಪೆ ಸಣ್ಣದಾದರೆ, ಎಬ್ಬಿಸಿದರೂ ಏಳದಿದ್ದರೆ ಒಂದು ಕ್ಷಣವೂ ಕಾಯಬೇಡಿ. 108ಕ್ಕೆ ಕರೆ ಮಾಡಿ. ಬಾಟಲಿಯನ್ನು ಜೊತೆಗೆ ಒಯ್ಯಿರಿ. ವಾಂತಿ ಮಾಡಿಸಲು ಹೋಗಬೇಡಿ, ಬಾಯಿಗೆ ನೀರು ಹಾಕಬೇಡಿ. ನಲೋಕ್ಸೋನ್ ಆ ಮ್ಯೂ ಬಾಗಿಲಿನಿಂದ ಮಾರ್ಫೀನನ್ನು ತಳ್ಳಿ ತಾನು ಕೂರುತ್ತದೆ. ಆದರೆ ಅದರ ಪ್ರಭಾವ ಬೇಗ ಇಳಿಯುತ್ತದೆ, ಒಳಗಿರುವ ಔಷಧಿಯದು ಉಳಿಯಬಹುದು. ಮಗು ಎಚ್ಚರವಾಯಿತೆಂದು ಹಟ ಹಿಡಿದು ಮನೆಗೆ ಕರೆತರಬೇಡಿ.

ಒಬ್ಬರಿಗೆ ಬರೆದುಕೊಟ್ಟ ಔಷಧಿ ಇನ್ನೊಬ್ಬರಿಗೆ ಬೇಡ. ಅಳತೆಗೆ ಔಷಧಿಯ ಜೊತೆ ಬಂದ ಮುಚ್ಚಳ ಅಥವಾ ಸಿರಿಂಜನ್ನೇ ಬಳಸಿ. ಉಳಿದ ಸಿರಪ್, ಮಾತ್ರೆಗಳನ್ನು ಮುಂದಿನ ಚಳಿಗಾಲಕ್ಕೆಂದು ಎತ್ತಿಡಬೇಡಿ. ಔಷಧಿ ಅಂಗಡಿಯವರು "ಮಕ್ಕಳಿಗೆ ಒಂದು ಕೆಮ್ಮಿನ ಸಿರಪ್ ಕೊಡಿ" ಎಂದು ಬಂದವರಿಗೆ ಚೀಟಿ ಕೇಳಿದರೆ ಬೇಸರ ಪಡಬೇಡಿ. ಅವರು ತಮ್ಮ ಕರ್ತವ್ಯ ಮಾಡುತ್ತಿದ್ದಾರೆ.

ಆ ದಾದಿ ಈಗಲೂ ನನ್ನ ಕ್ಲಿನಿಕ್‌ಗೆ ಬರುತ್ತಾರೆ. ಹೋದ ತಿಂಗಳು ಬಂದಾಗ ಮೊಮ್ಮಗನಿಗೆ ಮತ್ತೆ ನೆಗಡಿ. "ಎರಡು ರಾತ್ರಿ ಮಲಗಲಿಲ್ಲ ಡಾಕ್ಟರ್ ಸಾಬ್, ನಾನೂ ಮಲಗಲಿಲ್ಲ. ಆದರೆ ಉಸಿರು ಎಣಿಸಿದ್ದೇನೆ, ಇಪ್ಪತ್ತೆಂಟು ಇದೆ" ಎಂದರು. ನಾನು ಮತ್ತೊಮ್ಮೆ ಎಣಿಸಿದೆ. ಇಪ್ಪತ್ತೆಂಟೇ ಇತ್ತು.